ಕುಗ್ಗುವ ಕಂತು, ಕುಗ್ಗದ ಬಾಕಿ

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ಒಟ್ಟು ಬಾಕಿ. ನೋಡಿದರೆ ಎದೆ ಧಸಕ್ಕೆನ್ನುವಂಥದ್ದು. ಇನ್ನೊಂದು ಕನಿಷ್ಠ ಪಾವತಿ. ನೋಡಿದರೆ ‘ಇಷ್ಟೇ ತಾನೇ’ ಅನ್ನಿಸುವಂಥದ್ದು. ತಿಂಗಳ ಕೊನೆಗೆ ಕೈ ಬಿಗಿಯಾಗಿರುವ ಮನೆಯಲ್ಲಿ ಯಾರ ಕಣ್ಣಾದರೂ ಎರಡನೆಯದರ ಮೇಲೇ ಹೋಗಿ ಕೂರುತ್ತದೆ. ಅಷ್ಟು ಕಟ್ಟಿಬಿಟ್ಟರೆ ದಂಡ ಇಲ್ಲ, ವಸೂಲಿಯವರ ಫೋನ್ ಇಲ್ಲ, ಕಾರ್ಡ್ ಎಂದಿನಂತೆ ನಡೆಯುತ್ತದೆ. ಸಾಲ ಇದೆ ಅನ್ನುವುದೂ ಮುಂದಿನ ಸ್ಟೇಟ್‌ಮೆಂಟ್ ಬರುವವರೆಗೆ ಮರೆತುಹೋಗುತ್ತದೆ.

ನಮ್ಮ ಮನೆಯಲ್ಲೂ ಕೆಲವು ಕಾಲ ಹಾಗೇ ನಡೆಯಿತು. ಒಂದು ಆಸ್ಪತ್ರೆ ಖರ್ಚು, ಅದರ ಬೆನ್ನಿಗೇ ಇವರ ಕೆಲಸದಲ್ಲಿ ಬಂದ ಬಿಡುವು, ಎರಡೂ ಸೇರಿ ಮೂರು ಕಾರ್ಡುಗಳಲ್ಲಿ ಬಾಕಿ ಕೂತಿತ್ತು. ಮೂರಕ್ಕೂ ಕನಿಷ್ಠ ಮೊತ್ತ ತಪ್ಪದೆ ಹೋಗುತ್ತಿತ್ತು. ಬಾಕಿ ಮಾತ್ರ ಕೂತ ಜಾಗದಿಂದ ಏಳುತ್ತಿರಲಿಲ್ಲ. ಆಮೇಲೆ ಅದು ತೀರಿತು. ಹೇಗೆ ತೀರಿತು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಉಳಿತಾಯದ ಉಪಾಯಗಳನ್ನಲ್ಲ, ಒಂದು ಲೆಕ್ಕವನ್ನು. ಅದನ್ನು ಕಾಗದದ ಮೇಲೆ ಒಮ್ಮೆ ತಾವೇ ಹಾಕಿ ನೋಡಿದವರಿಗೆ ಉಳಿದದ್ದನ್ನು ಹೇಳುವ ಅಗತ್ಯ ಬೀಳುವುದು ಕಡಿಮೆ.

ಬಾಕಿ 1,00,000 ಎಂದಿಟ್ಟುಕೊಳ್ಳಿ. ಯಾವ ದೇಶದ ಹಣವಾದರೂ ಸರಿ, ಗಣಿತ ಒಂದೇ. ಬಡ್ಡಿ ತಿಂಗಳಿಗೆ ಶೇ. 3, ಕನಿಷ್ಠ ಪಾವತಿ ಬಾಕಿಯ ಶೇ. 5. ಕಾರ್ಡನ್ನು ಹೊಸದಾಗಿ ಎಲ್ಲೂ ಉಜ್ಜುವುದಿಲ್ಲ ಎಂದೇ ಹಿಡಿಯೋಣ. ಮೊದಲ ತಿಂಗಳು ಬಡ್ಡಿ 3,000 ಸೇರಿ ಬಾಕಿ 1,03,000 ಆಗುತ್ತದೆ, ಅದರ ಶೇ. 5 ಅಂದರೆ 5,150 ಕಟ್ಟುತ್ತೀರಿ. ಅದರಲ್ಲಿ ಅಸಲಿಗೆ ಹೋದದ್ದು 2,150 ಮಾತ್ರ. ಹೀಗೇ ಒಂದು ವರ್ಷ ಕಟ್ಟಿದರೆ ಕೈಯಿಂದ ಹೋದದ್ದು ಹತ್ತಿರ ಹತ್ತಿರ 55,000. ಬಾಕಿ ಇಳಿದದ್ದು ಸುಮಾರು 23,000. ಉಳಿದ 32,000 ಬಡ್ಡಿಗೆ ಹೋಯಿತು. ಬಾಕಿ ಅರ್ಧಕ್ಕಿಳಿಯಲು ಎರಡೂ ಮುಕ್ಕಾಲು ವರ್ಷದ ಹತ್ತಿರ ಬೇಕು. ಸರಿಯಾಗಿ ಹೇಳಬೇಕೆಂದರೆ 32 ತಿಂಗಳು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ತಿಂಗಳು ಕಟ್ಟಿದ ಆ 5,150 ಇದೆಯಲ್ಲ, ಅದನ್ನೇ ಪ್ರತಿ ತಿಂಗಳೂ ಕಟ್ಟಿ. ಕೇಳಿದ ಮೊತ್ತ ಕಡಿಮೆಯಾದರೂ ನೀವು ಕಡಿಮೆ ಮಾಡಬೇಡಿ. ಸಾಲ 30 ತಿಂಗಳಿಗೆ ಪೂರ್ತಿ ತೀರುತ್ತದೆ! ಅಲ್ಲಿ ಅರ್ಧ ಸಾಲ ಇನ್ನೂ ಉಳಿದಿರುವ ಹೊತ್ತಿಗೆ ಇಲ್ಲಿ ಪೂರ್ತಿ ಮುಗಿದು ಎರಡು ತಿಂಗಳಾಗಿರುತ್ತದೆ. ಮೊದಲ ತಿಂಗಳಿಗಿಂತ ಒಂದು ಕಾಸೂ ಹೆಚ್ಚು ಹೊಂದಿಸಬೇಕಾಗಿಲ್ಲ ಅನ್ನುವುದನ್ನು ಗಮನಿಸಿ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂದರೆ, ಕನಿಷ್ಠ ಪಾವತಿ ಬಾಕಿಯ ಒಂದು ಪಾಲು; ಬಾಕಿ ಇಳಿದಂತೆ ಅದೂ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ 13ನೇ ತಿಂಗಳ ಕನಿಷ್ಠ ಮೊತ್ತ 3,968ರ ಆಸುಪಾಸು. ಮನೆಯಲ್ಲಿ ಎಲ್ಲರಿಗೂ ‘ಈಗ ಸ್ವಲ್ಪ ಹಗುರಾಯಿತು’ ಅನ್ನಿಸುತ್ತದೆ. ಮಿಕ್ಕ ಸಾವಿರ ಚಿಲ್ಲರೆ ಸದ್ದಿಲ್ಲದೆ ಮನೆಖರ್ಚಿನೊಳಗೆ ಸೇರಿಹೋಗುತ್ತದೆ. ಯಾರೂ ದುಂದು ಮಾಡಿರುವುದಿಲ್ಲ, ಆದರೂ ಸಾಲ ವರ್ಷಗಟ್ಟಲೆ ಎಳೆಯುತ್ತದೆ. ಹೀಗೆ ಶೇ. 5ರಂತೆಯೇ ಕೊನೆಯವರೆಗೂ ಕಟ್ಟುತ್ತಾ ಹೋದರೆ ಬಡ್ಡಿಯ ಮೊತ್ತ ಅಸಲನ್ನೂ ಮೀರುತ್ತದೆ. ಕನಿಷ್ಠ ಪಾವತಿಯ ಪಾಲು ಇದಕ್ಕಿಂತ ಚಿಕ್ಕದಿರುವ ಕಾರ್ಡುಗಳೂ ಇವೆ, ಅವುಗಳಲ್ಲಿ ಇನ್ನೂ ನಿಧಾನ.

ಹಾಗಾಗಿ ಸಾಲ ತೀರಿಸುವ ಬಜೆಟ್ ಅನ್ನುವುದಕ್ಕೆ ನನ್ನ ಮಟ್ಟಿಗೆ ಇರುವುದು ಒಂದೇ ಕೆಲಸ. ಒಂದು ಮೊತ್ತವನ್ನು ನಿಗದಿ ಮಾಡಿ, ಸಾಲ ತೀರುವವರೆಗೆ ಅದು ಕುಗ್ಗದಂತೆ ಕಾಯುವುದು. ಯಾವ ತಿಂಡಿ ಬಿಡಬೇಕು, ಯಾವ ಬಟ್ಟೆ ಕೊಳ್ಳಬಾರದು ಅನ್ನುವ ಚರ್ಚೆಗಳೆಲ್ಲ ಇದರ ಮುಂದೆ ಚಿಲ್ಲರೆ.

ಸ್ವಲ್ಪ ಕಟ್ಟಿ ಉಳಿದ ಬಾಕಿಯನ್ನು ಮುಂದಕ್ಕೆ ತಳ್ಳುವ ಈ ಏರ್ಪಾಡು ಇವತ್ತು ನಿನ್ನೆಯದಲ್ಲ. 1950ರಲ್ಲಿ ಅಮೆರಿಕದಲ್ಲಿ ಬಂದ ಡೈನರ್ಸ್ ಕ್ಲಬ್ ಕಾರ್ಡಿನಲ್ಲಿ ತಿಂಗಳ ಬಿಲ್ಲನ್ನು ಆಯಾ ತಿಂಗಳೇ ಪೂರ್ತಿ ಕಟ್ಟಬೇಕಿತ್ತು. ಬಾಕಿಯನ್ನು ಮುಂದಕ್ಕೆ ಹೊತ್ತುಕೊಂಡು ಹೋಗುವ ಅವಕಾಶ ದೊಡ್ಡ ಮಟ್ಟದಲ್ಲಿ ಬಂದದ್ದು 1958ರಲ್ಲಿ. ಬ್ಯಾಂಕ್ ಆಫ್ ಅಮೆರಿಕ ಆ ವರ್ಷ ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನ ಸುಮಾರು 60,000 ಜನರಿಗೆ ಅವರು ಕೇಳದೆಯೇ ಅಂಚೆಯಲ್ಲಿ ಕಾರ್ಡ್ ಕಳಿಸಿತು. ಅದೇ ಬ್ಯಾಂಕ್‌ಅಮೆರಿಕಾರ್ಡ್ 1976ರಲ್ಲಿ ವೀಸಾ ಆಯಿತು. ಬೇಕಾದಷ್ಟು ಕಟ್ಟು, ಉಳಿದದ್ದು ಮುಂದಿನ ತಿಂಗಳಿಗೆ ಅನ್ನುವ ಸೌಲಭ್ಯವೇ ಈ ವ್ಯಾಪಾರದ ಜೀವಾಳ. ಪೂರ್ತಿ ಕಟ್ಟುವವರಿಂದ ಬಡ್ಡಿ ಹುಟ್ಟುವುದಿಲ್ಲವಲ್ಲ.

ಕನಿಷ್ಠ ಪಾವತಿಯ ಆ ಸಣ್ಣ ಮೊತ್ತ ಕಣ್ಣಿಗೆ ಬೀಳುವುದೇ ನಮ್ಮ ಕೈಯನ್ನು ಹಿಂದಕ್ಕೆಳೆಯುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕಾಲ್ಪನಿಕ ಬಿಲ್ಲನ್ನು ಕೆಲವರಿಗೆ ಕನಿಷ್ಠ ಪಾವತಿ ನಮೂದಿಸಿ, ಕೆಲವರಿಗೆ ನಮೂದಿಸದೆ ತೋರಿಸಲಾಗಿತ್ತು. ಪೂರ್ತಿ ಕಟ್ಟಲಾಗದೆ ಸ್ವಲ್ಪ ಭಾಗ ಕಟ್ಟುತ್ತೇವೆ ಎಂದವರಲ್ಲಿ, ಕನಿಷ್ಠ ಮೊತ್ತ ಕಂಡವರು ಕಾಣದವರಿಗಿಂತ ಕಡಿಮೆ ಕಟ್ಟಲು ಮುಂದಾದರು. ಅದೇ ವರ್ಷ ಅಮೆರಿಕದಲ್ಲಿ ಬಂದ ಕಾರ್ಡ್ ಕಾಯ್ದೆ, ಕನಿಷ್ಠವನ್ನೇ ಕಟ್ಟುತ್ತಾ ಹೋದರೆ ಎಷ್ಟು ಕಾಲ ಹಿಡಿಯುತ್ತದೆ, ಮೂರು ವರ್ಷದಲ್ಲಿ ತೀರಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಸ್ಟೇಟ್‌ಮೆಂಟಿನಲ್ಲೇ ಮುದ್ರಿಸಬೇಕು ಎಂದಿತು. ಒಳ್ಳೆಯ ನಿಯಮ. ಆದರೆ ಆಮೇಲೆ ಲಕ್ಷಾಂತರ ಖಾತೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ ಅದರಿಂದಾದ ಬದಲಾವಣೆ ಅಲ್ಪವೇ ಎಂದು ಕಂಡುಬಂತು. ಆಶ್ಚರ್ಯವೇನಿಲ್ಲ. ತಿಂಗಳಿಗೆ ಎಷ್ಟು ಬೇಕು ಅನ್ನುವುದನ್ನು ಸ್ಟೇಟ್‌ಮೆಂಟ್ ಹೇಳಬಹುದು, ಅದು ಮನೆಯಲ್ಲಿ ಎಲ್ಲಿಂದ ಬರಬೇಕು ಅನ್ನುವುದನ್ನು ಯಾವ ಸ್ಟೇಟ್‌ಮೆಂಟೂ ಹೇಳುವುದಿಲ್ಲ.

ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ದಿನದ ಸಣ್ಣಪುಟ್ಟ ಖರ್ಚು ಕಡಿಮೆ ಮಾಡಿ ಅನ್ನುವುದು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಸಾಲದಲ್ಲಿರುವ ಮನೆ ಆಗಲೇ ಸಾಕಷ್ಟು ಬಿಗಿ ಹಿಡಿದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಕಾಲು ಆಗಲೇ ಹೊರಗಿರುವವನಿಗೆ ಆ ಗಾದೆಯಲ್ಲಿ ಏನೂ ಸಲಹೆ ಇಲ್ಲ. ತಿಂಗಳ ಲೆಕ್ಕ ಬರೆಯುವ ಮನೆಗಳಲ್ಲೂ ಬಜೆಟ್ ಮುರಿದುಬೀಳುವುದನ್ನು ನಾನು ಕಂಡಿದ್ದೇನೆ, ಮುರಿಯುವ ಜಾಗ ಹೆಚ್ಚುಕಡಿಮೆ ಯಾವಾಗಲೂ ಒಂದೇ. ತಿಂಗಳಿಗೊಮ್ಮೆ ಬರದ ಖರ್ಚು.

ವಿಮೆಯ ಕಂತು ವರ್ಷಕ್ಕೊಮ್ಮೆ. ಮಕ್ಕಳ ಶಾಲೆಯ ಶುಲ್ಕ ವರ್ಷಕ್ಕೆ ಒಂದೆರಡು ಸಲ. ಗಾಡಿಯ ಟೈರು, ಕನ್ನಡಕ, ಹಲ್ಲಿನ ಡಾಕ್ಟರು, ಕೆಟ್ಟ ಫ್ರಿಜ್ಜು, ಹತ್ತಿರದವರ ಮದುವೆ. ಒಂದೊಂದೂ ಬಂದಾಗ ‘ಈ ತಿಂಗಳು ಒಂದು ವಿಶೇಷ ಖರ್ಚು ಬಂತು’ ಅನ್ನುತ್ತೇವೆ. ವರ್ಷದ ಹನ್ನೆರಡು ತಿಂಗಳಲ್ಲಿ ಇಂಥ ವಿಶೇಷ ಇಲ್ಲದ ತಿಂಗಳು ಯಾವುದು ಎಂದು ಹಿಂದಿನ ಬ್ಯಾಂಕ್ ಪುಸ್ತಕ ತೆಗೆದು ನೋಡಿದರೆ ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಅವು ಅನಿರೀಕ್ಷಿತವಲ್ಲವೇ ಅಲ್ಲ. ಯಾವ ತಿಂಗಳು ಯಾವುದು ಅನ್ನುವುದಷ್ಟೇ ಗೊತ್ತಿರುವುದಿಲ್ಲ. ತಿಂಗಳ ಬಜೆಟ್ಟಿನಲ್ಲಿ ಅವುಗಳಿಗೆ ಸಾಲು ಇಲ್ಲದ್ದರಿಂದ ಅವು ನೇರವಾಗಿ ಕಾರ್ಡಿನ ಮೇಲೆ ಹೋಗಿ ಕೂರುತ್ತವೆ. ಆ ತಿಂಗಳು ಕಾರ್ಡಿಗೆ ಕಟ್ಟಿದ್ದೂ ಅದೇ ಕಾರ್ಡಿನಿಂದ ಖರ್ಚಾದದ್ದೂ ಸರಿಗೆ ಸರಿ ಆಗಿ, ‘ನಮ್ಮ ಕೈಲಿ ಆಗುವುದಿಲ್ಲ ಬಿಡು’ ಅನ್ನುವ ಬೇಸರ ಹುಟ್ಟುತ್ತದೆ.

ಆದ್ದರಿಂದ ಬಜೆಟ್ ಮಾಡಲು ಕೂತಾಗ ಮುಂದಿನ ತಿಂಗಳಿಂದ ಶುರು ಮಾಡಬಾರದು, ಹಿಂದಿನ ಹನ್ನೆರಡು ತಿಂಗಳಿಂದ ಶುರು ಮಾಡಬೇಕು. ಮುಂದಿನ ತಿಂಗಳ ಬಗ್ಗೆ ನಾವೆಲ್ಲ ಆಶಾವಾದಿಗಳು, ಹಿಂದಿನ ತಿಂಗಳುಗಳು ಸುಳ್ಳು ಹೇಳುವುದಿಲ್ಲ.

ನಮ್ಮಲ್ಲಿ ಅದು ಒಂದು ಭಾನುವಾರ ಮಧ್ಯಾಹ್ನ ಶುರುವಾಗಿ ಕತ್ತಲಾಗುವವರೆಗೂ ನಡೆಯಿತು. ಮೂರು ಕಾರ್ಡಿನ ಸ್ಟೇಟ್‌ಮೆಂಟುಗಳನ್ನು ಪ್ರಿಂಟ್ ತೆಗೆಸಿ, ಮಕ್ಕಳ ಸ್ಕೆಚ್ ಪೆನ್ನು ಇಸಿದುಕೊಂಡು, ತಿಂಗಳು ತಿಂಗಳೂ ಬರುವುದಕ್ಕೆ ಹಸಿರು, ಆಗೊಮ್ಮೆ ಈಗೊಮ್ಮೆ ಬರುವುದಕ್ಕೆ ಕೆಂಪು ಗೆರೆ ಎಳೆಯುತ್ತಾ ಹೋದೆವು. ಎರಡನೇ ಕಾರ್ಡಿನ ನಡುವಲ್ಲೆಲ್ಲೋ ನಾನು ನಿಲ್ಲಿಸಿದೆ.

“ರೀ, ಈ ಸಾಲು ಏನಿದು? ಪ್ರತಿ ತಿಂಗಳೂ ಇದೆ.”

“ಅದು ನಿಂದಲ್ವಾ?”

“ನಂದಲ್ಲ. ನಿಮ್ಮದು ಅಂದ್ಕೊಂಡು ನಾನು ಸುಮ್ನಿದ್ದೆ.”

ಇಬ್ಬರದ್ದೂ ಆಗಿರಲಿಲ್ಲ. ಉಚಿತ ಪ್ರಯೋಗ ಎಂದು ಯಾವಾಗಲೋ ಒತ್ತಿದ ಒಂದು ಚಂದಾ, ತಾನಾಗಿಯೇ ನವೀಕರಣವಾಗುತ್ತಾ ಬಂದಿತ್ತು. ಅದರಿಂದ ಉಳಿದ ಹಣ ದೊಡ್ಡದೇನಲ್ಲ. ಆದರೆ ಆ ಸಂಜೆ ಅದಕ್ಕಿಂತ ಮುಖ್ಯವಾದದ್ದೊಂದು ಆಯಿತು. ಮೂರೂ ಕಾರ್ಡಿನ ಪೂರ್ತಿ ಚಿತ್ರ ಇಬ್ಬರ ಕಣ್ಣಿಗೂ ಒಟ್ಟಿಗೆ ಬಿತ್ತು. ಗಂಡ ಹೆಂಡತಿಯಲ್ಲಿ ಒಬ್ಬರೇ ಲೆಕ್ಕ ನೋಡಿಕೊಳ್ಳುವ ಮನೆಗಳಲ್ಲಿ ಇನ್ನೊಬ್ಬರಿಗೆ ಸಾಲ ಎಷ್ಟಿದೆ ಅನ್ನುವ ಅಂದಾಜು ಕೂಡ ಇರುವುದಿಲ್ಲ. ಅವರು ಖರ್ಚು ಮಾಡಿದಾಗ ಲೆಕ್ಕ ನೋಡುವವರಿಗೆ ಸಿಟ್ಟು, ಲೆಕ್ಕ ನೋಡುವವರು ಬೇಡ ಅಂದಾಗ ಅವರಿಗೆ ಅವಮಾನ. ಎರಡಕ್ಕೂ ಕಾರಣ ದುಡ್ಡಲ್ಲ, ಒಂದೇ ಕಾಗದವನ್ನು ಇಬ್ಬರೂ ನೋಡಿಲ್ಲದಿರುವುದು. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಅವರಿಗೂ ಹೇಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಇವರಿಗೆ ಒಪ್ಪಿಗೆ ಇರಲಿಲ್ಲ. ಆ ವಾದ ಬೇರೆಯೇ ಬರಹಕ್ಕಾಗುತ್ತದೆ.

ಕೆಂಪು ಗೆರೆಯವನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದೆವು. ಬಂದ ಮೊತ್ತ ನಾವಿಬ್ಬರೂ ಊಹಿಸಿದ್ದಕ್ಕಿಂತ ತುಂಬಾ ದೊಡ್ಡದಿತ್ತು. ಆ ಹನ್ನೆರಡರಲ್ಲೊಂದು ಪಾಲನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುವುದು, ಶಾಲೆಯ ಶುಲ್ಕವೋ ವಿಮೆಯೋ ಬಂದಾಗ ಅಲ್ಲಿಂದ ಕೊಡುವುದು ಎಂದಾಯಿತು. ಇದನ್ನು ಕೇಳಿದವರು ತಕ್ಷಣ ಒಂದು ಪ್ರಶ್ನೆ ಹಾಕುತ್ತಾರೆ. ಕಾರ್ಡಿಗೆ ಅಷ್ಟೊಂದು ಬಡ್ಡಿ ಕಟ್ಟುತ್ತಿರುವಾಗ, ಉಳಿತಾಯ ಖಾತೆಯ ಪುಡಿಬಡ್ಡಿಗೆ ಹಣ ಇಡುವುದು ದಡ್ಡತನವಲ್ಲವೇ? ಅದನ್ನೂ ಸಾಲಕ್ಕೇ ಕಟ್ಟಬಾರದೇ?

ಗಣಿತದ ಪ್ರಕಾರ ಹೌದು. ಒಂದೇ ಮನೆಯಲ್ಲಿ ಕಾರ್ಡ್ ಸಾಲವೂ ಕೈಯಲ್ಲಿ ಉಳಿತಾಯವೂ ಒಟ್ಟಿಗೆ ಇರುವುದು ಅರ್ಥಶಾಸ್ತ್ರಜ್ಞರಿಗೆ ದೊಡ್ಡ ಒಗಟಾಗಿಯೇ ಕಂಡಿದೆ. ಡೇವಿಡ್ ಗ್ರಾಸ್ ಮತ್ತು ನಿಕೊಲಸ್ ಸೌಲೆಲೆಸ್ 2002ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಸುಮ್ಮನೆ ಮಲಗಿದ್ದು ಇತ್ತ ಕಾರ್ಡ್ ಬಾಕಿ ಬೆಳೆಯುತ್ತಿದ್ದರೆ ಆ ಪ್ರಶ್ನೆ ಸರಿಯೇ, ಹಣ ತೆಗೆದು ಸಾಲಕ್ಕೆ ಹಾಕಬೇಕು. ಆದರೆ ಮುಂದಿನ ತಿಂಗಳು ಬಂದೇ ಬರುವ ಶುಲ್ಕಕ್ಕೆ ಎತ್ತಿಟ್ಟ ಹಣ ಉಳಿತಾಯವಲ್ಲ, ಇನ್ನೂ ಆಗಿರದ ಖರ್ಚು. ಅದನ್ನೂ ಸಾಲಕ್ಕೆ ಕಟ್ಟಿಬಿಟ್ಟರೆ ಮುಂದಿನ ತಿಂಗಳು ಶುಲ್ಕಕ್ಕಾಗಿ ಮತ್ತೆ ಕಾರ್ಡೇ ಗತಿ. ಬಡ್ಡಿಯಲ್ಲಿ ಒಂದಿಷ್ಟು ನಷ್ಟವಾದರೂ ನಿಗದಿ ಮೊತ್ತವನ್ನು ಆ ಖಾತೆ ಕಾಯುತ್ತದೆ. ಜೊತೆಗೆ, ಮೈಗೆ ಹುಷಾರಿಲ್ಲದ್ದಕ್ಕೋ ನಲ್ಲಿ ಒಡೆದದ್ದಕ್ಕೋ ಆಗುವಷ್ಟು ಪುಟ್ಟ ಗಂಟೊಂದನ್ನು ಮೊದಲು ಕೂಡಿಸಿಕೊಂಡು ಆಮೇಲೆ ಸಾಲದ ಮೇಲೆ ಬೀಳುವುದು ವಾಸಿ. ದೊಡ್ಡ ಗಂಟಾಗುವವರೆಗೆ ಕಾಯುವ ಅಗತ್ಯವಿಲ್ಲ.

ಕಾರ್ಡ್ ಬಳಸುತ್ತಲೇ ಸಾಲ ತೀರಿಸಬಹುದೇ ಅಂದರೆ, ಆಗುವುದಿಲ್ಲ ಎಂದೇ ಹೇಳುತ್ತೇನೆ. ಇದರಲ್ಲಿ ಮನೋಬಲದ ಮಾತಿಲ್ಲ, ನಿಯಮದ ಮಾತಿದೆ. ಪೂರ್ತಿ ಬಾಕಿ ಕಟ್ಟುವವರಿಗೆ ಕೊಂಡ ದಿನದಿಂದ ಗಡುವಿನವರೆಗೆ ಬಡ್ಡಿಯಿಲ್ಲದ ಕೆಲವು ವಾರಗಳು ಸಿಗುತ್ತವೆ. ಹಿಂದಿನ ಬಾಕಿ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ಆ ಸೌಲಭ್ಯ ರದ್ದು. ಇವತ್ತು ಉಜ್ಜಿದ ದಿನಸಿಗೆ ಇವತ್ತಿನಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಬಾಕಿ ಇರಲಿ ಇಲ್ಲದಿರಲಿ, ಮೊದಲ ದಿನದಿಂದಲೇ ಬಡ್ಡಿ, ಮೇಲೊಂದು ಶುಲ್ಕ ಬೇರೆ. ರಿವಾರ್ಡ್ ಪಾಯಿಂಟ್ ಬರುತ್ತದಲ್ಲ ಅನ್ನುವವರಿಗೆ: ತಿಂಗಳಿಗೆ ಶೇ. 3 ಬಡ್ಡಿ ಕೊಟ್ಟು ಶೇ. 1 ಪಾಯಿಂಟ್ ಪಡೆಯುವುದು ಯಾವ ಲಾಭ? ತೀರಿಸುವ ಕಾಲದಲ್ಲಿ ಕಾರ್ಡ್ ಉಜ್ಜುವುದು ತಳ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟಿಗೆ ಹರಾಜು ಕೂಗಿಸಿದರು. ಕಾರ್ಡಿನಲ್ಲಿ ಕೊಡಬೇಕೆಂದವರು ಕೂಗಿದ ಬೆಲೆ, ನಗದು ಕೊಡಬೇಕೆಂದವರು ಕೂಗಿದ್ದರ ಸುಮಾರು ಎರಡರಷ್ಟಿತ್ತು. ಎಲ್ಲ ಖರ್ಚೂ ಹೀಗೆ ಇಮ್ಮಡಿಯಾಗುತ್ತದೆ ಎಂದೇನಲ್ಲ. ಆದರೂ ಕೊಡುವುದು ಕಣ್ಣಿಗೆ ಕಾಣದಿದ್ದರೆ ಕೈ ಸಡಿಲವಾಗುತ್ತದೆ ಅನ್ನುವುದು ನಮ್ಮ ಅನುಭವಕ್ಕೂ ಬರುವಂಥದ್ದೇ. ನಾವು ಮೂರು ಕಾರ್ಡನ್ನೂ ಫೋನಿನಿಂದ, ಶಾಪಿಂಗ್ ಆ್ಯಪುಗಳಿಂದ ಅಳಿಸಿದೆವು. ಕತ್ತರಿಸಿ ಹಾಕುವ ನಾಟಕವೇನೂ ಬೇಕಾಗಲಿಲ್ಲ. ಹದಿನಾರು ಅಂಕಿ ಟೈಪ್ ಮಾಡುವ ಸೋಮಾರಿತನವೇ ಎಷ್ಟೋ ಖರೀದಿಯನ್ನು ತಡೆಯುತ್ತದೆ.

ಯಾವ ಕಾರ್ಡನ್ನು ಮೊದಲು ತೀರಿಸಬೇಕು ಅನ್ನುವುದರ ಬಗ್ಗೆ ಜನ ಜಗಳವಾಡುವಷ್ಟು ವಾದಿಸುತ್ತಾರೆ. ಹೆಚ್ಚು ಬಡ್ಡಿಯದು ಮೊದಲು ಅನ್ನುವುದು ಒಂದು ಪಕ್ಷ, ಕಡಿಮೆ ಬಾಕಿಯದು ಮೊದಲು ಅನ್ನುವುದು ಇನ್ನೊಂದು. ಎರಡರಲ್ಲೂ ಉಳಿದ ಕಾರ್ಡುಗಳಿಗೆ ಕನಿಷ್ಠ ಮೊತ್ತ, ಮಿಕ್ಕದ್ದೆಲ್ಲ ಒಂದೇ ಕಾರ್ಡಿಗೆ. ಬಡ್ಡಿಯ ದೃಷ್ಟಿಯಿಂದ ಮೊದಲನೆಯದೇ ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಶೋಧಕರಾದ ಡೇವಿಡ್ ಗಾಲ್ ಮತ್ತು ಬ್ಲೇಕ್ ಮೆಕ್‌ಶೇನ್ 2012ರಲ್ಲಿ ತೋರಿಸಿದಂತೆ, ಸಾಲಪರಿಹಾರ ಯೋಜನೆಗೆ ಸೇರಿದವರಲ್ಲಿ ಒಂದೊಂದೇ ಖಾತೆಯನ್ನು ಪೂರ್ತಿ ಮುಚ್ಚುತ್ತಾ ಬಂದವರು ಕೊನೆಗೆ ಸಾಲಮುಕ್ತರಾಗುವ ಸಾಧ್ಯತೆ ಹೆಚ್ಚಿತ್ತು. ಜನ ತಾವಾಗಿ ಮಾಡುವುದು ಈ ಎರಡನ್ನೂ ಅಲ್ಲ ಅನ್ನುವುದು ತಮಾಷೆ. ಬ್ರಿಟನ್ನಿನ ಖಾತೆಗಳನ್ನಿಟ್ಟುಕೊಂಡು ನಡೆದ 2019ರ ಒಂದು ಅಧ್ಯಯನದ ಪ್ರಕಾರ ಜನ ಬಡ್ಡಿದರ ನೋಡದೆ, ಯಾವ ಕಾರ್ಡಿನಲ್ಲಿ ಎಷ್ಟು ಬಾಕಿಯೋ ಅದೇ ಪ್ರಮಾಣದಲ್ಲಿ ಹಣ ಹಂಚಿಬಿಡುತ್ತಾರೆ. ಎಲ್ಲರಿಗೂ ನ್ಯಾಯ ಸಲ್ಲಿಸಿದ ಸಮಾಧಾನ, ಯಾವುದೂ ಮುಗಿಯದ ಫಲ.

ನಮ್ಮ ಮೂರು ಕಾರ್ಡುಗಳ ಬಡ್ಡಿ ಹೆಚ್ಚುಕಡಿಮೆ ಒಂದೇ ಇತ್ತು, ಹಾಗಾಗಿ ಚಿಕ್ಕದನ್ನೇ ಮೊದಲು ಹಿಡಿದೆವು. ಒಂದರ ಬಡ್ಡಿ ಎದ್ದು ಕಾಣುವಷ್ಟು ಹೆಚ್ಚಿದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದೆವು. ಇದಕ್ಕಿಂತ ಹೆಚ್ಚು ಯೋಚಿಸುವಂಥದ್ದು ಇದರಲ್ಲಿಲ್ಲ. ಮುಖ್ಯವಾದದ್ದು ಮೊದಲ ಕಾರ್ಡ್ ತೀರಿದ ಮೇಲಿನ ತಿಂಗಳು. ಅದಕ್ಕೆ ಕಟ್ಟುತ್ತಿದ್ದ ಹಣ ಈಗ ಕೈಯಲ್ಲಿದೆ, ಅದಕ್ಕೆ ಕಾದಿರುವ ಆಸೆಗಳೂ ಮನೆಯಲ್ಲಿವೆ. ಅದು ಹಾಗೇ ಎರಡನೇ ಕಾರ್ಡಿಗೆ ಹೋಗಬೇಕು. ಒಟ್ಟು ಮೊತ್ತ ಕುಗ್ಗಬಾರದು ಅನ್ನುವ ಮಾತೇ ಮತ್ತೆ.

ಮೊತ್ತವನ್ನು ಹಿಗ್ಗಿಸಲು ಸಾಧ್ಯವಾದರೆ ಫಲ ಇನ್ನೂ ಬೇಗ ಕಾಣುತ್ತದೆ. ಮೇಲಿನ ಉದಾಹರಣೆಯಲ್ಲೇ 5,150ರ ಜೊತೆಗೆ ಇನ್ನೊಂದು 2,000 ಸೇರಿಸಿದರೆ 30 ತಿಂಗಳ ಸಾಲ 19 ತಿಂಗಳಿಗೆ ಮುಗಿಯುತ್ತದೆ. ಹೆಚ್ಚುವರಿ ಹಣದ ಒಂದೊಂದು ಕಾಸೂ ನೇರ ಅಸಲಿಗೆ ಹೋಗುವುದರಿಂದ ಹೀಗಾಗುತ್ತದೆ. ಬೋನಸ್ಸೋ ತೆರಿಗೆ ಮರುಪಾವತಿಯೋ ಬಂದಾಗ ಪೂರ್ತಿ ಸಾಲಕ್ಕೆ ಹಾಕಿ ಎಂದು ಪುಸ್ತಕದಲ್ಲಿ ಬರೆಯಬಹುದು. ಮನೆಯಲ್ಲಿ ಅದು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಒಂದು ಪಾಲು ಮನೆಮಂದಿಯ ಖುಷಿಗೆ ಎಂದು ಮೊದಲೇ ಮಾತಾಗಿದ್ದರೆ ಉಳಿದ ಪಾಲು ಜಗಳವಿಲ್ಲದೆ ಸಾಲಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಬದುಕುವ ಬಜೆಟ್ ಯಾರ ಮನೆಯಲ್ಲೂ ಬಾಳುವುದಿಲ್ಲ.

ಕಟ್ಟುವ ದಿನದ ಬಗ್ಗೆ ಒಂದು ಸಣ್ಣ ಮಾತು. ಬಹಳಷ್ಟು ಕಾರ್ಡುಗಳಲ್ಲಿ ಬಡ್ಡಿ ದಿನದಿನದ ಬಾಕಿಯ ಮೇಲೆ ಕೂಡುತ್ತದೆ. ಗಡುವಿನವರೆಗೆ ಕಾಯದೆ ಸಂಬಳದ ದಿನವೇ ಕಟ್ಟಿದರೆ ಅಷ್ಟು ದಿನದ ಬಡ್ಡಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಹಣ ಕೈಯಲ್ಲಿದ್ದು ಕರಗುವ ಅವಕಾಶ ತಪ್ಪುತ್ತದೆ. ಒಂದು ಎಚ್ಚರಿಕೆ: ಸ್ಟೇಟ್‌ಮೆಂಟ್ ತಯಾರಾಗುವ ಮುಂಚೆ ಕಟ್ಟಿದ್ದು ಬಾಕಿಯನ್ನು ಇಳಿಸುತ್ತದೆಯೇ ಹೊರತು ಆಮೇಲೆ ಬರುವ ಸ್ಟೇಟ್‌ಮೆಂಟಿನ ಕನಿಷ್ಠ ಮೊತ್ತಕ್ಕೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲೇ ಕಟ್ಟಿದ್ದೇವೆ ಎಂದು ನಿಶ್ಚಿಂತೆಯಿಂದಿದ್ದು ತಡಪಾವತಿಯ ದಂಡ ತೆತ್ತವರನ್ನು ನಾನು ಬಲ್ಲೆ. ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಇಡುವುದಾದರೆ ಕನಿಷ್ಠ ಮೊತ್ತ ಅನ್ನುವ ಆಯ್ಕೆಯನ್ನು ಒತ್ತಬೇಡಿ. ಸ್ಥಿರ ಮೊತ್ತ ಅನ್ನುವ ಆಯ್ಕೆ ಇದ್ದರೆ ಅದನ್ನೇ ಇಡಿ.

ಸಾಲವನ್ನೇ ಬೇರೆಡೆಗೆ ವರ್ಗಾಯಿಸುವ ದಾರಿಗಳೂ ಇವೆ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂದರೆ ಒಂದು ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ, ಕೆಲವೊಮ್ಮೆ ಬಡ್ಡಿಯೇ ಇಲ್ಲದ ಇನ್ನೊಂದು ಕಾರ್ಡಿಗೆ ದಾಟಿಸುವುದು. ಅದಕ್ಕೊಂದು ಶುಲ್ಕ ಇರುತ್ತದೆ, ರಿಯಾಯಿತಿಗೊಂದು ಗಡುವಿರುತ್ತದೆ, ಗಡುವು ಮುಗಿದ ಮರುದಿನ ಬಡ್ಡಿ ಮಾಮೂಲಿಗೆ ಜಿಗಿಯುತ್ತದೆ. ದಾಟಿಸುವ ಮುಂಚೆ ಬಾಕಿಯನ್ನು ರಿಯಾಯಿತಿಯ ತಿಂಗಳುಗಳಿಂದ ಭಾಗಿಸಿ, ಬಂದ ಮೊತ್ತ ನಮ್ಮಿಂದ ಆಗುತ್ತದೆಯೇ ಎಂದು ನೋಡಬೇಕು. ಆಗುವುದಿಲ್ಲ ಎಂದಾದರೆ ಶುಲ್ಕ ಕೊಟ್ಟು ಸಮಸ್ಯೆಯನ್ನು ಮುಂದೂಡಿದಂತಾಯಿತು ಅಷ್ಟೇ. ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ತೆಗೆದು ಕಾರ್ಡುಗಳನ್ನೆಲ್ಲ ತೀರಿಸುವುದು ಇನ್ನೊಂದು ದಾರಿ. ಇದರ ಪರವಾಗಿ ನಾನು ಒಂದು ಮಾತು ಹೇಳುತ್ತೇನೆ. ಬಡ್ಡಿ ಕಡಿಮೆ ಅನ್ನುವುದಕ್ಕಿಂತ, ಅದರ ಇಎಂಐ ಕುಗ್ಗುವುದಿಲ್ಲ. ನಾವು ಶಿಸ್ತಿನಿಂದ ಮಾಡಬೇಕಾದ ಕೆಲಸವನ್ನು ಅದರ ಒಪ್ಪಂದವೇ ಮಾಡಿಸುತ್ತದೆ. ಅಪಾಯ ಇರುವುದು ಇನ್ನೊಂದು ಕಡೆ. ಹೊಸ ಸಾಲದಿಂದ ಬಾಕಿ ತೀರಿದ ದಿನ ಕಾರ್ಡುಗಳು ಪೂರ್ತಿ ಲಿಮಿಟ್ ಮತ್ತೆ ಕೈಗೆ ಸಿಗುವಂತಾಗಿ, ಹೊಸದರಂತೆ ಹೊಳೆಯುತ್ತಾ ಕೂತಿರುತ್ತವೆ. ಅವನ್ನು ಮುಟ್ಟಿದರೆ ಇಎಂಐಯೂ ಬಾಕಿಯೂ ಎರಡೂ ತಲೆಮೇಲೆ. ನಿಗದಿ ಮೊತ್ತ ಕನಿಷ್ಠ ಪಾವತಿಗಳನ್ನೂ ಮುಟ್ಟದಷ್ಟು ಪರಿಸ್ಥಿತಿ ಕೆಟ್ಟಿದ್ದರೆ ಈ ಬಜೆಟ್ ಮಾತೆಲ್ಲ ಬದಿಗಿಟ್ಟು, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡುವುದು ಒಳ್ಳೆಯದು. ತಪ್ಪಿದ ಮೇಲೆ ಅವರು ಕೇಳುವ ದನಿಯೇ ಬೇರೆ.

ಸಾಲದ ನಡುಭಾಗದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ತಿಂಗಳು ತಿಂಗಳೂ ಅದೇ ಮೊತ್ತ ಹೋಗುತ್ತದೆ. ಬಡ್ಡಿಯ ಸಾಲು ಸ್ವಲ್ಪ ಚಿಕ್ಕದಾಗುತ್ತದೆ, ಅಸಲಿಗೆ ಹೋಗುವ ಪಾಲು ಸ್ವಲ್ಪ ದೊಡ್ಡದಾಗುತ್ತದೆ. ನಾನು ಬಾಕಿಯನ್ನು ನೋಡುವುದು ಬಿಟ್ಟು ಬಡ್ಡಿಯ ಸಾಲನ್ನೇ ನೋಡುತ್ತಿದ್ದೆ, ಅದರಲ್ಲಿ ಬದಲಾವಣೆ ಬೇಗ ಕಾಣುತ್ತಿತ್ತು.

ಕೊನೆಯ ತಿಂಗಳಿಗೆ ಒಂದು ವಿಷಯ ಗೊತ್ತಿರಲಿ. ಸ್ಟೇಟ್‌ಮೆಂಟಿನಲ್ಲಿ ತೋರಿಸಿದ ಪೂರ್ತಿ ಬಾಕಿಯನ್ನು ಕಟ್ಟಿ ಕೈತೊಳೆದುಕೊಂಡ ಮೇಲೂ ಮುಂದಿನ ತಿಂಗಳು ಒಂದು ಪುಟ್ಟ ಬಡ್ಡಿ ಬರಬಹುದು. ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನದು ಅದು. ಮುಗಿಯಿತು ಎಂದು ಆ ಸ್ಟೇಟ್‌ಮೆಂಟನ್ನು ತೆರೆಯದೇ ಬಿಟ್ಟರೆ ಆ ಪುಟ್ಟ ಮೊತ್ತಕ್ಕೆ ಅದಕ್ಕಿಂತ ದೊಡ್ಡ ದಂಡ ಬಿದ್ದು, ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಕ್ರೆಡಿಟ್ ಸ್ಕೋರಿನಲ್ಲಿ ಕಲೆಯಾಗಬಹುದು. ಸತತ ಎರಡು ಸ್ಟೇಟ್‌ಮೆಂಟಿನಲ್ಲಿ ಸೊನ್ನೆ ಕಾಣುವವರೆಗೆ ಕಾರ್ಡ್ ತೀರಿದೆ ಎಂದು ಲೆಕ್ಕ ಹಿಡಿಯಬೇಡಿ. ಮುಚ್ಚುವುದಾದರೆ ಅದಕ್ಕೆ ಜೋಡಿಸಿರುವ ವಿಮೆ, ಫೋನು, ಚಂದಾಗಳನ್ನೆಲ್ಲ ಮೊದಲು ಬೇರೆಡೆಗೆ ಬದಲಾಯಿಸಿ, ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಳ್ಳಿ.

ಮುಚ್ಚಬೇಕೇ ಬೇಡವೇ ಅನ್ನುವುದರಲ್ಲಿ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಹಳೆಯ ಕಾರ್ಡ್ ಮುಚ್ಚಿದರೆ ಒಟ್ಟು ಲಿಮಿಟ್ ಇಳಿದು ಸ್ಕೋರ್ ಸ್ವಲ್ಪ ಕುಸಿಯಬಹುದು, ಮನೆಸಾಲಕ್ಕೆ ಹೋಗುವ ಯೋಚನೆ ಇರುವಾಗ ಅದು ಬೇಡ ಅನ್ನುತ್ತಾರೆ ಇವರು. ಲಿಮಿಟ್ ಇದ್ದರೆ ಖರ್ಚು ಹುಡುಕಿಕೊಂಡು ಬರುತ್ತದೆ ಅನ್ನುತ್ತೇನೆ ನಾನು. ಸದ್ಯಕ್ಕೆ ವಾರ್ಷಿಕ ಶುಲ್ಕವಿದ್ದ ಎರಡನ್ನು ಮುಚ್ಚಿದ್ದೇವೆ. ಶುಲ್ಕವಿಲ್ಲದ, ಎಲ್ಲಕ್ಕಿಂತ ಹಳೆಯದಾದ ಒಂದನ್ನು ಉಳಿಸಿಕೊಂಡು ಅದರ ಲಿಮಿಟ್ಟನ್ನು ನಮ್ಮ ತಿಂಗಳ ಮನೆಖರ್ಚಿನ ಮಟ್ಟಕ್ಕೆ ಇಳಿಸಿದ್ದೇವೆ. ಪೂರ್ತಿ ಬಾಕಿ ತಾನಾಗಿ ಕಡಿತವಾಗುವಂತೆ ಇಟ್ಟಿದ್ದೇವೆ. ಸಾಲಕ್ಕೆ ಹೋಗುತ್ತಿದ್ದ ಆ ನಿಗದಿ ಮೊತ್ತ ಈಗಲೂ ಅದೇ ದಿನ ಸಂಬಳದ ಖಾತೆಯಿಂದ ಹೊರಡುತ್ತದೆ. ಮೊದಲ ಆರು ತಿಂಗಳು ಅದು ಆ ಪುಟ್ಟ ಗಂಟನ್ನು ದೊಡ್ಡದು ಮಾಡಲಿ, ಆಮೇಲೆ ಎಲ್ಲಿಗೆ ಅನ್ನುವುದನ್ನು ಕೂತು ಮಾತಾಡೋಣ ಎಂದು ಒಪ್ಪಿಕೊಂಡಿದ್ದೇವೆ.